ಗೀಚುವ ಕೈ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಜಲವರ್ಣದ ಬಗ್ಗೆ ಕೇಳಿದ್ದ ಓದುಗರೊಬ್ಬರಿಗೆ ಉತ್ತರಿಸುವಾಗ, ಬಣ್ಣ ಕೊಳ್ಳುವ ಮೊದಲು ಒಂದು ತಿಂಗಳು ದಿನಕ್ಕೊಂದು ಪುಟ ಸುಮ್ಮನೆ ಗೀಚಿ ನೋಡಿ ಎಂದು ಬರೆದಿದ್ದೆ. ಜಲವರ್ಣದ ಮಾತು ಅಲ್ಲಿಗೇ ನಿಂತಿತು. ಈ ಸಲ ಬಂದಿರುವ ಪತ್ರಗಳೆಲ್ಲ ಆ ಒಂದು ವಾಕ್ಯದ ಬೆನ್ನು ಹಿಡಿದೇ ಬಂದಿವೆ. ಡೂಡಲ್ ಎಂದು ಈಗ ಎಲ್ಲರೂ ಹೇಳುವುದನ್ನೇ ನಾನು ಗೀಚುಚಿತ್ರ ಎನ್ನುತ್ತಿದ್ದೇನೆ. ಏನು ಬಿಡಿಸಬೇಕೆಂದು ಮೊದಲೇ ಯೋಚಿಸದೆ, ಏನನ್ನೋ ಕೇಳುತ್ತಲೋ ಯಾರನ್ನೋ ಕಾಯುತ್ತಲೋ ಇರುವಾಗ ಕೈ ತಾನಾಗಿ ಎಳೆಯುವ ಗೆರೆ, ಸುರುಳಿ, ಚೌಕ, ಎಲೆ ಎಂಬಷ್ಟೇ ಅದರ ಅರ್ಥ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಸಭೆಗಳಲ್ಲಿ ಕುಳಿತಾಗ ನನ್ನ ಕೈ ಡೈರಿಯ ಅಂಚಿನಲ್ಲಿ ಚೌಕದೊಳಗೆ ಚೌಕ ಬಿಡಿಸುತ್ತಿರುತ್ತದೆ. ಮೊನ್ನೆ ಮೇಲಧಿಕಾರಿಯೊಬ್ಬರು ಎಲ್ಲರೆದುರು "ನಿಮ್ಮ ಗಮನ ಇಲ್ಲಿಲ್ಲ" ಎಂದರು. ಗೀಚುವುದು ಗಮನ ತಪ್ಪಿದ್ದರ ಲಕ್ಷಣವೇ?
– ಓದುಗರು, ಹಂಪನಕಟ್ಟೆ, ಮಂಗಳೂರು

ಉತ್ತರ: ಹೆಚ್ಚಿನ ಸಲ ಅಲ್ಲ. ಹಾಗೆಂದು ಯಾವತ್ತೂ ಅಲ್ಲವೆಂದು ಹೇಳಿ ನಿಮ್ಮನ್ನು ಖುಷಿಪಡಿಸುವುದೂ ಸರಿಯಲ್ಲ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಿಮ್ಮ ಸಭೆಯನ್ನೇ ನೋಡಿ ಬಂದು ಮಾಡಿದಂತಿದೆ. ಬೇರೊಂದು ಪ್ರಯೋಗ ಮುಗಿಸಿ ಮನೆಗೆ ಹೊರಟಿದ್ದ 40 ಜನರನ್ನು ಅವರು ಉಳಿಸಿಕೊಂಡು, ಎರಡೂವರೆ ನಿಮಿಷಗಳ ಒಂದು ನೀರಸ ದೂರವಾಣಿ ಸಂದೇಶವನ್ನು ಕೇಳಿಸಿದರು. ಯಾರದೋ ಹುಟ್ಟುಹಬ್ಬದ ಕೂಟಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬ ವಿವರ ಅದರಲ್ಲಿತ್ತು, ಮತ್ತು ಬರುವವರ ಹೆಸರುಗಳನ್ನು ಗುರುತು ಹಾಕಿಕೊಳ್ಳಬೇಕಿತ್ತು. ಕೇಳುವವರಲ್ಲಿ ಅರ್ಧ ಜನರಿಗೆ, ಕಾಗದದ ಮೇಲೆ ಅಚ್ಚಾಗಿದ್ದ ಸಣ್ಣ ಆಕೃತಿಗಳನ್ನು ಪೆನ್ಸಿಲಿನಿಂದ ತುಂಬುತ್ತಾ ಕೇಳಿ ಎಂದು ಹೇಳಲಾಗಿತ್ತು. ಆಮೇಲೆ, ಮುನ್ಸೂಚನೆಯಿಲ್ಲದೆ, ಕೇಳಿದ ಹೆಸರುಗಳನ್ನೂ ಊರುಗಳನ್ನೂ ನೆನಪಿಸಿಕೊಳ್ಳಲು ಹೇಳಿದಾಗ, ಆಕೃತಿ ತುಂಬಿದವರು ಸರಾಸರಿ 7.5ನ್ನೂ ಸುಮ್ಮನೆ ಕೇಳಿದವರು 5.8ನ್ನೂ ನೆನಪಿಟ್ಟಿದ್ದರು. ಲೆಕ್ಕ ಹಾಕಿದರೆ ಗೀಚಿದವರದು ಶೇ. 29ರಷ್ಟು ಹೆಚ್ಚು. ಮಾತು ನೀರಸವಾದಾಗ ಮನಸ್ಸು ಹಗಲುಗನಸಿಗೆ ಜಾರುತ್ತದೆ. ಹಗಲುಗನಸು ಮನಸ್ಸಿನ ದೊಡ್ಡ ಪಾಲನ್ನೇ ನುಂಗುತ್ತದೆ. ಗೀಚುವುದಕ್ಕೆ ಬೇಕಾಗುವುದು ಅದರಲ್ಲಿ ಚೂರೇ ಚೂರು, ಹಾಗಾಗಿ ಅದು ಕನಸಿನ ಬಾಗಿಲನ್ನು ಮುಚ್ಚಿ ಕಿವಿಯನ್ನು ತೆರೆದಿಡುತ್ತದೆ ಎಂಬುದು ಈ ಫಲಿತಾಂಶಕ್ಕೆ ಅವರು ಸೂಚಿಸಿದ ಒಂದು ಕಾರಣದ ಸಾರ.

ಆದರೆ ಆ ಜನ ಮಾಡಿದ್ದು ಸಿದ್ಧ ಆಕೃತಿಗಳನ್ನು ತುಂಬುವ ಕೆಲಸ ಮಾತ್ರ ಎಂಬುದನ್ನು, ಈ ಪ್ರಯೋಗವನ್ನು ಸಂಭ್ರಮದಿಂದ ಉದಾಹರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಿಮ್ಮ ಚೌಕಗಳು ಆ ಜಾತಿಯವು. ಅದೇ ಡೈರಿಯಲ್ಲಿ ನೀವು ಎದುರು ಕುಳಿತ ಮೇಲಧಿಕಾರಿಯ ಮೂಗನ್ನು ಬಿಡಿಸಹೊರಟರೆ, ಅದು ಸರಿಯಾಗಿ ಬರಲಿ ಎಂಬ ಆಸೆ ಹುಟ್ಟಿದ ಕ್ಷಣದಿಂದ ಸಭೆ ನಿಮ್ಮ ಪಾಲಿಗೆ ಮುಗಿಯಿತು. ಗೋಡೆಯ ಮೇಲೆ ಪಟ್ಟಿ, ನಕ್ಷೆ ತೋರಿಸುವಾಗಲೂ ಪೆನ್ನು ಕೆಳಗಿಡಿ, ಏಕೆಂದರೆ ಅಲ್ಲಿ ಕೇಳುವುದಕ್ಕಿಂತ ನೋಡುವ ಕೆಲಸವೇ ಹೆಚ್ಚು, ಮತ್ತು ಒಂದೇ ಜೊತೆ ಕಣ್ಣು ಎರಡು ಕಡೆ ದುಡಿಯಲಾರದು. ಉಳಿದ ಹೊತ್ತಿನಲ್ಲಿ ನಿಮ್ಮ ಚೌಕಗಳು ಮುಂದುವರಿಯಲಿ. 1963ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞ ಬೇಸರ ಹುಟ್ಟಿಸುವ ಉಪನ್ಯಾಸವೊಂದರಲ್ಲಿ ಕುಳಿತು, ಚೌಕಳಿಯಲ್ಲಿ ಒಂದರಿಂದ ಮೊದಲಾಗಿ ಅಂಕೆಗಳನ್ನು ಸುರುಳಿಯಾಗಿ ಬರೆಯುತ್ತಾ ಅವಿಭಾಜ್ಯ ಸಂಖ್ಯೆಗಳಿಗೆ ಸುತ್ತು ಹಾಕುತ್ತಾ ಹೋದಾಗ, ಅವು ಓರೆಗೆರೆಗಳಲ್ಲಿ ಸಾಲುಗಟ್ಟುವುದನ್ನು ಕಂಡರು. ಇಂದಿಗೂ ಅದನ್ನು ಉಲಾಮ್ ಸುರುಳಿ ಎಂದೇ ಕರೆಯುತ್ತಾರೆ. ಆ ಉಪನ್ಯಾಸ ಯಾವ ವಿಷಯದ್ದಾಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಉದಾಹರಣೆಯನ್ನು ನಿಮ್ಮ ಮೇಲಧಿಕಾರಿಯ ಮುಂದೆ ಹೇಳದಿರುವುದು ಕ್ಷೇಮ.

ಪ್ರಶ್ನೆ: ನಾನು ಗೃಹಿಣಿ. ನನಗೆ ಚಿತ್ರ ಬರುವುದಿಲ್ಲ. ನಿಮ್ಮ ಮಾತು ಓದಿ ದಪ್ಪ ರಟ್ಟಿನ ಚೆಂದದ ಪುಸ್ತಕವೊಂದನ್ನು ತರಿಸಿ 11 ದಿನ ಗೀಚಿದೆ. ಮರುದಿನ ಮನೆಯಲ್ಲಿ ಪೂಜೆಯಿದ್ದ ಕಾರಣ ತಪ್ಪಿತು, ಆಮೇಲೆ ಪುಸ್ತಕ ಮುಟ್ಟಲು ಮನಸ್ಸೇ ಬರಲಿಲ್ಲ. ನನ್ನಂಥವರಿಗೆ ಇದು ಒಗ್ಗುವ ಅಭ್ಯಾಸವಲ್ಲವೇನೋ?
– ಓದುಗರು, ಕಾಪು

ಉತ್ತರ: ಅಮ್ಮಾ, ನಿಮ್ಮನ್ನು ಸೋಲಿಸಿದ್ದು ಆ ದಪ್ಪ ರಟ್ಟಿನ ಪುಸ್ತಕ. ಚೆಂದದ ಪುಸ್ತಕ ಚೆಂದದ ಚಿತ್ರವನ್ನು ಕೇಳುತ್ತದೆ. ಕೇಳಿದ್ದನ್ನು ಕೊಡಲಾರದ ಕೈ ಹಿಂಜರಿಯುತ್ತದೆ. ಅದನ್ನು ಮನೆಯ ಮಕ್ಕಳಿಗೆ ಕೊಟ್ಟುಬಿಡಿ. ಕಳೆದ ವರ್ಷದ ಕ್ಯಾಲೆಂಡರಿನ ಹಿಂಬದಿಯನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಒಂದು ಕ್ಲಿಪ್ ಹಾಕಿ ಅಡುಗೆಮನೆಯ ಗೂಡಿನಲ್ಲಿ, ಕೈಗೆ ಸಿಗುವಂತೆ ಪೆನ್ನಿನ ಸಮೇತ ಇಡಿ.

ಇನ್ನು ತಪ್ಪಿದ ದಿನದ ವಿಚಾರ. ಅಭ್ಯಾಸ ಬೇರೂರುವುದಕ್ಕೆ 21 ದಿನ ಸಾಕು ಎಂಬ ಮಾತು ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಜನ ತಮಗೆ ಬೇಕಾದ ಒಂದೊಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ದಿನದ ಯಾವುದೋ ಒಂದು ನಿಶ್ಚಿತ ಸಂದರ್ಭಕ್ಕೆ ಅದನ್ನು ಕಟ್ಟಿ, 12 ವಾರ ಮಾಡಿದರು. ಆ ಕೆಲಸ ಯೋಚಿಸದೆಯೇ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನಗಳಷ್ಟು ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಲೆಕ್ಕಾಚಾರದ ಪ್ರಕಾರ ಇನ್ನು ಕೆಲವರಿಗೆ 254 ದಿನಗಳು ಬೇಕಿದ್ದವು. ನಿಮಗೆ ಸಂಬಂಧಿಸಿದ ಮುಖ್ಯ ಸಂಗತಿಯೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಿರಲಿಲ್ಲ. ಪೂಜೆಯ ದಿನ ತಪ್ಪಿದ್ದು ದೊಡ್ಡದಲ್ಲ. ಮರುದಿನ ನೀವು ಆ ಖಾಲಿ ಪುಟವನ್ನು ನೋಡಿ ನೊಂದುಕೊಂಡಿರಲ್ಲ, ಅದೇ ದೊಡ್ಡದು. ತಾರೀಖು ಬರೆಯುವುದನ್ನು ನಿಲ್ಲಿಸಿ. ತಾರೀಖಿಲ್ಲದ ಹಾಳೆಗಳಲ್ಲಿ ಯಾವ ದಿನವೂ ತಪ್ಪಿದಂತೆ ಕಾಣುವುದಿಲ್ಲ.

ನಿಶ್ಚಿತ ಸಂದರ್ಭಕ್ಕೆ ಕಟ್ಟುವ ಮಾತು ಬಂತಲ್ಲ, ಕುಚ್ಚಲಕ್ಕಿ ಉಣ್ಣುವ ನಮ್ಮ ಮನೆಗಳಿಗೆ ಆ ಸಂದರ್ಭವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳ್ತಿಗೆ ಅಕ್ಕಿಯಂತೆ ಅದು ಚಿಟಿಕೆ ಹೊಡೆಯುವುದರೊಳಗೆ ಬೇಯುವುದಿಲ್ಲ. ಅಕ್ಕಿ ಒಲೆಯ ಮೇಲಿಟ್ಟು ಮೊದಲ ಕುದಿ ಬಂದ ಮೇಲೆ ಐದು ನಿಮಿಷ ನಿಮ್ಮದು. ಒಂದು ಲೋಟವನ್ನು ಕವುಚಿ ಹಾಕಿ ಸುತ್ತ ಗೆರೆ ಎಳೆದರೆ ವೃತ್ತವಾಯಿತು. ಅದರ ಒಳಗೆ, ಬೇಕಾದರೆ ಹೊರಗೆ, ಕೈ ಹೋದಂತೆ ಗೀಚಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಅವರ ತಂಡ 26 ಜನರಿಂದ ಹೀಗೆಯೇ ವೃತ್ತದ ಸುತ್ತಮುತ್ತ ತಲಾ ಮೂರು ನಿಮಿಷ ಗೀಚಿಸಿ, ಬಣ್ಣ ತುಂಬಿಸಿ, ಸ್ವತಂತ್ರವಾಗಿ ಚಿತ್ರ ಬಿಡಿಸಲು ಹೇಳಿ, ಆ ಹೊತ್ತಿನಲ್ಲಿ ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಹರಿಯುವ ರಕ್ತವನ್ನು ಅಳೆದು, 2017ರಲ್ಲಿ ವರದಿ ಮಾಡಿತು. ಮೂರೂ ಕೆಲಸಗಳಲ್ಲಿ ರಕ್ತದ ಹರಿವು ಹೆಚ್ಚಿತ್ತು. ಅವರಲ್ಲಿ ಕಲಾವಿದರಲ್ಲದವರೇ ಹೆಚ್ಚು ಜನ ಎಂಬುದಕ್ಕಾಗಿ ಇದನ್ನು ನಿಮಗೆ ಹೇಳಿದೆ. ಇಷ್ಟು ಸಣ್ಣ ಪ್ರಯೋಗದ ಮೇಲೆ ದೊಡ್ಡ ಮನೆ ಕಟ್ಟುವುದು ಬೇಡ.

ಏನು ಗೀಚಬೇಕು ಎಂದು ತೋಚದಿದ್ದರೆ ಎದುರಿಗಿರುವುದನ್ನು ನೋಡಿ. ನನ್ನ ಹಾಳೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದಿರುವುದು ನೀರುದೋಸೆ. ಹಿಟ್ಟು ಕಾವಲಿಗೆ ಬಿದ್ದೊಡನೆ ಏಳುವ ತೂತುಗಳು ಕಾವಲಿಯ ನಡುವಿನಲ್ಲಿ ಸಣ್ಣವಾಗಿಯೂ ಒತ್ತಾಗಿಯೂ ಇದ್ದು, ಅಂಚಿಗೆ ಹೋದಂತೆ ಅಗಲವಾಗಿ, ಕೊನೆಯಲ್ಲಿ ಒಂದಕ್ಕೊಂದು ಕೂಡಿಕೊಂಡು ಹರಿದ ಜಾಲರಿಯಂತಾಗುತ್ತವೆ. ಮೊದಲು ಒಂದು ಹೆಸರುಕಾಳಿನಷ್ಟು ಸುತ್ತು. ಅದಕ್ಕೆ ತಾಗದಂತೆ ಇನ್ನೊಂದು. ನಡುವೆ ಉಳಿದ ಸಂದಿಗೆ ಮೂಲೆ ಮೂಡಿದ ಮೂರನೆಯದು. ನೂರು ತೂತುಗಳಾದ ಮೇಲೆ ಸಂದಿಗಳನ್ನೆಲ್ಲ ಕಪ್ಪು ಮಾಡಿ ನೋಡಿ. ನೀವು ಬಿಡಿಸಿದ್ದು ದೋಸೆಯೋ ಜೇನುಗೂಡೋ ಮೀನುಬಲೆಯೋ ಎಂದು ನಿಮಗೇ ಅನುಮಾನ ಬರುತ್ತದೆ.

ಚಿತ್ರ ಬರುವುದಿಲ್ಲ ಎಂದು ಬರೆದಿದ್ದೀರಿ. ದಿನಾ ಬೆಳಗ್ಗೆ ಹೊಸ್ತಿಲ ಮುಂದೆ ಚುಕ್ಕಿಯಿಟ್ಟು ರಂಗೋಲಿ ಎಳೆಯುವಾಗ ಈ ಅನುಮಾನ ನಿಮಗೆ ಬಂದದ್ದುಂಟೇ? ಅದನ್ನು ಯಾರಾದರೂ ಮೆಚ್ಚಲಿ ಎಂದು ಕಾದದ್ದುಂಟೇ? ಮಧ್ಯಾಹ್ನದೊಳಗೆ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತದೆ, ಮರುದಿನ ಮತ್ತೆ ಎಳೆಯುತ್ತೀರಿ. ಆ ಕೈಯನ್ನೇ ಕಾಗದದ ಮೇಲೆ ಇಡಲು ಹೇಳುತ್ತಿದ್ದೇನೆ.

ಪ್ರಶ್ನೆ: ಗೀಚುವುದಕ್ಕೆ ಟ್ಯಾಬ್ಲೆಟ್ ಒಳ್ಳೆಯದೋ ಕಾಗದವೋ? ಮಳೆಗಾಲದಲ್ಲಿ ನನ್ನ ಜೆಲ್ ಪೆನ್ನಿನ ಗೆರೆಗಳೆಲ್ಲ ಹರಡಿ ಹಾಳಾಗುತ್ತಿವೆ.
– ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಟ್ಯಾಬ್ಲೆಟ್‌ನಲ್ಲಿ ಗೆರೆಯನ್ನು ಹಿಂದಕ್ಕೆ ಪಡೆಯುವ ಸೌಕರ್ಯವಿದೆ, ಅದೇ ಅದರ ದೋಷ. ಅಳಿಸಬಹುದೆಂದು ಗೊತ್ತಿದ್ದರೆ ಅಳಿಸುತ್ತಲೇ ಇರುತ್ತೇವೆ. ಕಾಗದವೇ ಇರಲಿ.

ಪೆನ್ನಿನ ವಿಷಯದಲ್ಲಿ, ಸಾಮಾನ್ಯ ಜೆಲ್ ಪೆನ್ನಿನ ಶಾಯಿ ನೀರಿನಲ್ಲಿ ಕಲಸಿದ್ದು. ನಮ್ಮ ಕರಾವಳಿಯ ಆಷಾಢದ ಗಾಳಿಯಲ್ಲಿ ತೇವ ಹೀರಿ ಮೆತ್ತಗಾದ ಕಾಗದಕ್ಕೆ ಅದು ತಾಗಿದರೆ ನಾರುಗಳ ಗುಂಟ ಹರಡುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯ ಜಾತಿಯದು, ಅಂಟಂಟಾಗಿರುತ್ತದೆ, ಅಷ್ಟು ಸುಲಭಕ್ಕೆ ಹರಡುವುದಿಲ್ಲ. ಹತ್ತು ರೂಪಾಯಿಯ ಬಾಲ್ ಪೆನ್ನಿಗೆ ಇನ್ನೊಂದು ಗುಣವೂ ಇದೆ: ಮೆಲ್ಲಗೆ ಒತ್ತಿದರೆ ಬೂದು, ಬಲವಾಗಿ ಒತ್ತಿದರೆ ಕಪ್ಪು, ಹೀಗೆ ಒಂದೇ ಪೆನ್ನಿನಲ್ಲಿ ನಾಲ್ಕು ಛಾಯೆಗಳು ಸಿಗುತ್ತವೆ. ಕಪ್ಪೇ ಬೇಕು, ಮೇಲೆ ನೀರುಬಣ್ಣ ಹಚ್ಚಬೇಕು ಎಂದಾದರೆ ಮಾತ್ರ ಒಣಗಿದ ಮೇಲೆ ನೀರಿಗೆ ಕರಗದ ಪಿಗ್ಮೆಂಟ್ ಶಾಯಿಯ ಪೆನ್ನು ಕೊಳ್ಳಿ.

ಪ್ರಶ್ನೆ: ಏಳನೆಯ ತರಗತಿಯ ನನ್ನ ಮಗ ಪಠ್ಯಪುಸ್ತಕದ ಅಂಚುಗಳಲ್ಲೆಲ್ಲ ಯಕ್ಷಗಾನದ ಕಿರೀಟ, ಹುಲಿವೇಷದ ಪಟ್ಟೆ ಗೀಚಿ ತುಂಬಿಸುತ್ತಾನೆ. ಶಾಲೆಯಿಂದ ಎರಡು ಸಲ ದೂರು ಬಂದಿದೆ. ತಡೆಯಬೇಕೇ?
– ಓದುಗರು, ಬ್ರಹ್ಮಾವರ

ಉತ್ತರ: ಈ ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದಾಗ, ನಾನು ಹಲಗೆಯ ಮೇಲೆ ಹೂದಾನಿ ಬಿಡಿಸುತ್ತಿರುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಪುಸ್ತಕದ ಕೊನೆಯ ಪುಟದಲ್ಲಿ ಇನ್ನೇನನ್ನೋ ಗೀಚುತ್ತಿದ್ದುದನ್ನು ಕಂಡು, ಆ ಹಾಳೆಯನ್ನು ಹರಿದು ಹಾಕಿದ್ದೆ. ಚಿತ್ರ ಕಲಿಸುವ ತರಗತಿಯಲ್ಲಿ ಚಿತ್ರ ಬಿಡಿಸಿದ್ದಕ್ಕೆ ಕೊಟ್ಟ ಶಿಕ್ಷೆ ಅದು. ಹರಿಯುವಾಗ ಕಣ್ಣಿಗೆ ಬಿದ್ದದ್ದು, ಬಂಗುಡೆ ಮೀನಿನ ಬೆನ್ನಿನ ಮೇಲಿನ ಅಲೆಗೆರೆಗಳು. ನನ್ನ ಹೂದಾನಿಗಿಂತ ಎಷ್ಟೋ ಪಾಲು ಜೀವಂತವಾಗಿದ್ದವು. ಆ ಹುಡುಗ ವರ್ಷವಿಡೀ ನನ್ನ ತರಗತಿಯಲ್ಲಿ ಮತ್ತೆ ಗೀಚಲಿಲ್ಲ.

ಆದ್ದರಿಂದ ತಡೆಯಬೇಡಿ, ಜಾಗ ಬದಲಿಸಿ. ಪಠ್ಯಪುಸ್ತಕದೊಳಗೆ ಒಂದು ಬಿಡಿ ಹಾಳೆ ಇಟ್ಟುಕೊಂಡು ಅದರಲ್ಲಿ ಗೀಚಲಿ ಎಂದು ಹೇಳಿ, ಶಾಲೆಯವರಿಗೂ ಅಷ್ಟನ್ನು ತಿಳಿಸಿ. ಪುಸ್ತಕ ಹಾಳಾಗುತ್ತದೆ ಎಂಬ ಅವರ ದೂರು ನ್ಯಾಯವೇ. ಪಾಠ ಕೇಳುವಾಗ ಪಟ್ಟೆಗಳನ್ನು ಎಳೆಯಬಹುದು, ಏಕೆಂದರೆ ಹುಲಿಯ ಪಟ್ಟೆ ಒಂದರ ಪಕ್ಕ ಒಂದು ಬರುವ ಕೆಲಸ, ಕಿವಿಗೆ ಅಡ್ಡಿಯಿಲ್ಲ. ಕೇದಗೆ ಮುಂದಲೆ ಎಂಬ ಯಕ್ಷಗಾನದ ತಲೆಯುಡುಗೆಯನ್ನು ಮಾತ್ರ ಮನೆಗೆ ಬಂದ ಮೇಲೆ ಬಿಡಿಸಲಿ. ಅದರ ಎರಡು ಬದಿಗಳ ಬಾಗು ಸರಿದೂಗುವಂತೆ ನೋಡಬೇಕಾದ್ದರಿಂದ ಇಡೀ ಗಮನವನ್ನು ಕೇಳುತ್ತದೆ. ಸಾಧ್ಯವಾದರೆ ಅವನನ್ನು ಒಂದು ಸಂಜೆ ತೆಂಕುತಿಟ್ಟಿನ ಯಕ್ಷಗಾನ ಮೇಳವೊಂದರ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಕರೆದುಕೊಂಡು ಹೋಗಿ, ಬಣ್ಣದ ವೇಷಧಾರಿಯೊಬ್ಬರು ಅಕ್ಕಿಹಿಟ್ಟು ಸುಣ್ಣ ಕಲಸಿ, ಕನ್ನಡಿ ಹಿಡಿದು, ತನ್ನ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾ ಹೋಗುವುದನ್ನು ತೋರಿಸಿ. ಚುಕ್ಕಿ ಸಾಲುಗಟ್ಟಿ ಗೆರೆಯಾಗುವುದು, ಗೆರೆಗಳು ಕೂಡಿ ರಾಕ್ಷಸನಾಗುವುದು ಗಂಟೆಗಟ್ಟಲೆ ನಡೆಯುವ ಕೆಲಸ. ನನ್ನ ಪಾಠಕ್ಕಿಂತ ಅದು ಚೆನ್ನಾಗಿ ಕಲಿಸುತ್ತದೆ.

ಒಂದು ಮಾತು ಬಾಕಿಯಿದೆ. ಅವನ ಗೀಚುಗಳನ್ನು ಫೋಟೋ ತೆಗೆದು ಬಂಧುಗಳ ಗುಂಪಿಗೆ ಕಳುಹಿಸಬೇಡಿ, ಚಿತ್ರಕಲಾ ಸ್ಪರ್ಧೆಗೆ ಹೆಸರು ಕೊಡಲು ಓಡಬೇಡಿ. ನೋಡುವವರಿದ್ದಾರೆ ಎಂದು ಗೊತ್ತಾದ ದಿನದಿಂದ ಅವನು ಗೀಚುವುದನ್ನು ಬಿಟ್ಟು ಚಿತ್ರ ಬಿಡಿಸತೊಡಗುತ್ತಾನೆ.

ಪ್ರಶ್ನೆ: ಚೌಕ ಗೀಚುವವರು ಹಟವಾದಿಗಳು, ಹೂ ಗೀಚುವವರು ಮೃದು ಸ್ವಭಾವದವರು ಎಂದು ನನ್ನ ಪತ್ನಿ ಎಲ್ಲೋ ಓದಿದ್ದಾರೆ. ನಾನು ಬರೀ ಬಾಣಗಳನ್ನು ಗೀಚುತ್ತೇನೆ. ಇದಕ್ಕೇನರ್ಥ?
– ನಿವೃತ್ತ ನೌಕರರು, ಮಣ್ಣಗುಡ್ಡೆ, ಮಂಗಳೂರು

ಉತ್ತರ: ನಿಮಗೆ ಬಾಣ ಎಳೆಯುವುದು ರೂಢಿಯಾಗಿದೆ ಎಂದರ್ಥ. 2005ರಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯ ಸಭೆಯ ಬಳಿಕ ಮೇಜಿನ ಮೇಲೆ ಸಿಕ್ಕಿದ ಗೀಚುಹಾಳೆಯೊಂದನ್ನು ಬ್ರಿಟನ್ನಿನ ಪತ್ರಿಕೆಗಳು ಪ್ರಧಾನಿ ಟೋನಿ ಬ್ಲೇರ್ ಅವರದೆಂದು ಪ್ರಕಟಿಸಿದವು. ಬರಹತಜ್ಞರು ಅದರಲ್ಲಿ ಅವರ ಮನಸ್ಸಿನ ಒತ್ತಡವನ್ನೂ ನಾಯಕತ್ವದ ಕೊರತೆಗಳನ್ನೂ ಓದಿ ಹೇಳಿದರು. ಕೆಲವೇ ದಿನಗಳಲ್ಲಿ, ಆ ಹಾಳೆ ಬ್ಲೇರ್ ಪಕ್ಕದಲ್ಲಿ ಕುಳಿತಿದ್ದ ಬಿಲ್ ಗೇಟ್ಸ್ ಅವರದೆಂದು ಗೊತ್ತಾಯಿತು. ನಿಮ್ಮ ಪತ್ನಿಯವರಿಗೆ ಈ ಕಥೆ ಹೇಳಿ. ನಿಮ್ಮ ಹಟದ ವಿಷಯ ಅವರಿಗೆ ಬಾಣಗಳ ಸಹಾಯವಿಲ್ಲದೆಯೂ ಗೊತ್ತಿರುತ್ತದೆ.

ಪ್ರಶ್ನೆ: ನಾಲ್ಕು ವರ್ಷಗಳಿಂದ ದಿನವೂ ಗೀಚುತ್ತಿದ್ದೇನೆ. ಇದು ಎಂದಾದರೂ ಕಲೆಯಾಗುತ್ತದೆಯೇ? ತುಂಬಿದ ಪುಸ್ತಕಗಳನ್ನು ಏನು ಮಾಡಲಿ?
– ಓದುಗರು, ಕಲ್ಯಾಣಪುರ

ಉತ್ತರ: ಆದದ್ದುಂಟು. ರವೀಂದ್ರನಾಥ ಠಾಕೂರರು ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಹಾಗೆಯೇ ಬಿಡಲಾರದೆ, ಆ ಗೀಟುಗಳನ್ನು ಒಂದಕ್ಕೊಂದು ಜೋಡಿಸಿ ಹಕ್ಕಿ, ಮುಖ, ವಿಚಿತ್ರ ಪ್ರಾಣಿಗಳನ್ನಾಗಿ ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ಅವರಿಗೆ ಆತಿಥ್ಯ ನೀಡಿದ್ದ ಲೇಖಕಿ ವಿಕ್ಟೋರಿಯಾ ಒಕಾಂಪೊ ಈ ಪುಟಗಳನ್ನು ಕಂಡು ಬೆರಗಾದರು, ಮತ್ತು 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಚಿತ್ರಪ್ರದರ್ಶನ ನಡೆಯಲು ಆಕೆಯೇ ನೆರವಾದರು. ಆಗ ಕವಿ ಎಪ್ಪತ್ತರ ಹೊಸ್ತಿಲಲ್ಲಿದ್ದರು. ಆದರೆ ಅವರು ಗೀಟುಗಳಿಗೆ ರೂಪ ಕೊಟ್ಟದ್ದು ಪ್ಯಾರಿಸ್ಸಿಗಾಗಿ ಅಲ್ಲ, ಹೊಡೆದುಹಾಕಿದ ಪದ ಕಣ್ಣಿಗೆ ಚುಚ್ಚುತ್ತಿತ್ತು ಎಂಬುದಕ್ಕಾಗಿ. ನಮ್ಮ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ಕೈಯೆತ್ತದೆ ಎಳೆದಂತೆ ಕಾಣುವ ಒಂದೆರಡು ಗೆರೆಗಳಲ್ಲೇ ನರ್ತಕಿಯೊಬ್ಬಳು ನಿಲ್ಲುತ್ತಾಳೆ. ಅದು ಗೀಚು ಅಲ್ಲ, ಸಿದ್ಧಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ, ಆಗ ನಾಳೆಯ ಪುಟ ಸರಾಗವಾಗಿ ಬರುತ್ತದೆ.

ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯ ಎರಡು ಸಲ ಬದಲಾಗಿದೆ. ನಾಗಮಂಡಲದಲ್ಲಿ ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಎಂಬ ಪಂಚವರ್ಣದ ಪುಡಿಗಳಿಂದ ಗಂಟೆಗಟ್ಟಲೆ ಕುಳಿತು ಬರೆದ ಮಂಡಲ ಬೆಳಗಾಗುವುದರೊಳಗೆ ಅಳಿದುಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದ ನನಗೆ, ಗೀಚಿದ್ದನ್ನು ಕೂಡಿಡುವುದೇ ಲೋಭವೆಂದು ತೋರುತ್ತಿತ್ತು. ವರ್ಷಕ್ಕೊಮ್ಮೆ ಬಚ್ಚಲ ಒಲೆಗೆ ಹಾಕುತ್ತಿದ್ದೆ. ಆಮೇಲೆ ಕೂಡಿಡತೊಡಗಿದೆ. ಒಂದು ಮಳೆಗಾಲದಲ್ಲಿ ಮರದ ಪೆಟ್ಟಿಗೆಗೆ ಗೆದ್ದಲು ಹತ್ತಿ, ಏಳೆಂಟು ಪುಸ್ತಕಗಳು ಮಣ್ಣಾದವು. ಉಳಿದವುಗಳನ್ನು ಬಿಸಿಲಿಗೆ ಹರವಿ ಪುಟ ತಿರುಗಿಸುವಾಗ ಒಂದರಲ್ಲಿ ಗೆದ್ದಲು ಕೊರೆದ ದಾರಿ ನನ್ನ ಸುರುಳಿಗಳ ನಡುವೆ ಹಾದು, ಒಂದು ಕಡೆ ನನ್ನ ಗೆರೆಯನ್ನೇ ಹಿಡಿದುಕೊಂಡು ಮುಂದೆ ಹೋಗಿತ್ತು. ಆ ಪುಟವನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ನಿಮ್ಮವನ್ನು ಇಡುವುದಾದರೆ ಮರದ ಪೆಟ್ಟಿಗೆ ಬೇಡ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಳಗೆ ಹಾಕಿ. ಮಳೆ ಬಿಟ್ಟು ನವರಾತ್ರಿಯ ಬಿಸಿಲು ಬಂದಾಗ ಒಮ್ಮೆ ತೆಗೆದು ಗಾಳಿಗೆ ಹಿಡಿಯಿರಿ.